ಕರುಣೆಯ ಕಥೆ ಕಟಕಟೆಗೆ ಬಂದ ಬಗೆ

ಮೆದಕ್‌ನ ದೊಡ್ಡ ಚರ್ಚಿನೊಳಗೆ ಏಸುವಿನ ಕಥೆ ಬೆಳಕಿನಲ್ಲಿ ಮೂಡುತ್ತದೆ. ಬಣ್ಣದ ಗಾಜಿನ ಮೂರು ಕಿಟಕಿಗಳಲ್ಲಿ ಹುಟ್ಟು, ಶಿಲುಬೆ, ಸ್ವರ್ಗಾರೋಹಣ. ಹೊರಗೆ ಬಿಸಿಲಿದ್ದಷ್ಟು ಹೊತ್ತು ಚಿತ್ರ ಜೀವಂತ. ಬರಗಾಲದಲ್ಲಿ ಹಸಿದು ಬಂದವರಿಗೆ ಕೆಲಸ ಕೊಟ್ಟು, ಅನ್ನ ಕೊಟ್ಟು, ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ಇಂಗ್ಲೆಂಡಿನ ಪಾದ್ರಿ ಕಟ್ಟಿಸಿದ ಈ ಚರ್ಚು 1924ರ ಡಿಸೆಂಬರ್ 25ರಂದು ಬಾಗಿಲು ತೆರೆಯಿತು. ಅಕ್ಷರ ಬಾರದವರಿಗೆ ಆ ಗಾಜೇ ಪುಸ್ತಕವಾಗಿತ್ತು.

ಈ ಚರ್ಚಿನ ಪಶ್ಚಿಮಕ್ಕೆ, ಜಹೀರಾಬಾದ್, ನಾರಾಯಣಖೇಡದ ಸೀಮೆಯಲ್ಲಿ ನಮ್ಮ ರಾಯಿಕೋಡ್ ಇದೆ. ಭದ್ರಕಾಳಿ ಸಮೇತ ವೀರಭದ್ರಸ್ವಾಮಿಯ ಊರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡರ ಜೊತೆಗೆ ಉರ್ದು. ಈ ಸೀಮೆಯ ಹಳ್ಳಿಗಳಲ್ಲಿ ಕ್ರೈಸ್ತರೂ ಇದ್ದಾರೆ. ಹೆಚ್ಚಿನವರು ದಲಿತ ಮೂಲದವರು. ಅವರ ದೇವರು ಗಾಜಿನಿಂದ ಬಟ್ಟೆಯ ಪರದೆಗೆ, ಪರದೆಯಿಂದ ಮೊಬೈಲಿಗೆ ಬಂದ ದಾರಿ ಉದ್ದದ್ದು. ಆ ದಾರಿಯಲ್ಲಿ ಕಥೆಯ ಸ್ವಭಾವವೇ ಬದಲಾಯಿತು. ಕ್ಷಮಿಸುವವನ ಕಥೆಯಾಗಿದ್ದದ್ದು, ‘ನಮ್ಮನ್ನು ತುಳಿಯುತ್ತಿದ್ದಾರೆ’ ಎಂದು ದೂರುವವರ ಕಥೆಯಾಯಿತು. ಅದು ಹೇಗಾಯಿತು ಎಂದು ನೋಡುವುದು ಕ್ರೈಸ್ತರಿಗಷ್ಟೇ ಅಲ್ಲ, ನಮಗೆಲ್ಲರಿಗೂ ಅಗತ್ಯ.

ಬಟ್ಟೆಯ ಪರದೆ

ಭಾರತೀಯ ಸಿನಿಮಾದ ಹುಟ್ಟಿನಲ್ಲೇ ಏಸು ಇದ್ದಾನೆ. 1910–11ರ ಸುಮಾರಿಗೆ ಮುಂಬೈಯ ಟೆಂಟಿನಲ್ಲಿ ಕ್ರಿಸ್ತನ ಜೀವನದ ಮೂಕಿ ಚಿತ್ರ ನೋಡುತ್ತ ಕುಳಿತ ದಾದಾಸಾಹೇಬ್ ಫಾಲ್ಕೆ, ನಮ್ಮ ರಾಮ, ಕೃಷ್ಣರನ್ನು ಹೀಗೆ ತೆರೆಗೆ ತರುವುದು ಯಾವಾಗ ಎಂದು ಹಂಬಲಿಸಿದರು. ಆ ಹಂಬಲದ ಫಲವೇ 1913ರ ‘ರಾಜಾ ಹರಿಶ್ಚಂದ್ರ’.

ಆ ಋಣ ತೀರಿಸುವಂತೆ 1978ರಲ್ಲಿ ತೆಲುಗಿನಲ್ಲಿ ‘ಕರುಣಾಮಯುಡು’ ಬಂತು. ನಿರ್ದೇಶನ ಎ. ಭೀಮ್‌ಸಿಂಗ್ ಅವರದು, ಏಸುವಾಗಿ ವಿಜಯಚಂದರ್. ನಮ್ಮ ಪೌರಾಣಿಕ ಚಿತ್ರಗಳ ನಡೆ, ಹಾಡು, ಭಕ್ತಿ ಎಲ್ಲವೂ ಅದರಲ್ಲಿತ್ತು. ಚಿತ್ರಮಂದಿರದಲ್ಲಿ ಎಲ್ಲ ಜಾತಿ, ಮತದವರೂ ಕೂತು ಕಣ್ಣೀರಿಟ್ಟು ನೋಡಿದರು. ಮುಂದೆ ‘ದಯಾಸಾಗರ್’ ಎಂದು ಹಿಂದಿಗೂ ಹೋಯಿತು. ಸುವಾರ್ತಾ ತಂಡಗಳು ಪ್ರೊಜೆಕ್ಟರ್ ಹೊತ್ತು ಹಳ್ಳಿ ಹಳ್ಳಿಗೆ ಒಯ್ದವು. ಏಸುವಾಗಿದ್ದ ಅದೇ ವಿಜಯಚಂದರ್ 1986ರಲ್ಲಿ ಶಿರಡಿ ಸಾಯಿಬಾಬಾ ಆಗಿ ತೆರೆಗೆ ಬಂದರು. ಜನ ಎರಡೂ ಪಾತ್ರಗಳಲ್ಲಿ ಅದೇ ಮುಖಕ್ಕೆ ಕೈಮುಗಿದರು. ದೇವರನ್ನು ಹಂಚಿಕೊಳ್ಳುವುದು ಈ ನೆಲಕ್ಕೆ ಕಷ್ಟದ ಕೆಲಸವಾಗಿರಲಿಲ್ಲ.

1979ರಲ್ಲಿ ಅಮೆರಿಕದ ಕ್ಯಾಂಪಸ್ ಕ್ರುಸೇಡ್ ಸಂಸ್ಥೆಯ ಬಿಲ್ ಬ್ರೈಟ್ ಅವರ ಮುಂದಾಳತ್ವದಲ್ಲಿ ‘ಜೀಸಸ್’ ಚಿತ್ರ ಸಿದ್ಧವಾಯಿತು. ಲೂಕನ ಸುವಾರ್ತೆಯೇ ಅದರ ಚಿತ್ರಕಥೆ. ಕನ್ನಡ, ತೆಲುಗು ಸೇರಿ ಎರಡು ಸಾವಿರಕ್ಕೂ ಹೆಚ್ಚು ಭಾಷೆಗಳಿಗೆ ಅದು ಡಬ್ ಆಗಿದೆ. ಮತಪ್ರಚಾರವೇ ಇದರ ಉದ್ದೇಶ. ಅದರ ಬಗ್ಗೆ ತಕರಾರು ಇರುವವರು ಇದ್ದಾರೆ, ಇರಲಿ. ಆದರೂ ಈ ಚಿತ್ರಗಳಲ್ಲಿ ಹಿಂಸೆ ಅನುಭವಿಸಿದವನು ಒಬ್ಬನೇ. ಅವನು ಮೊಳೆ ಹೊಡೆದವರಿಗಾಗಿ ಪ್ರಾರ್ಥಿಸಿ ಸತ್ತ. ನೋಡುಗನಿಗೆ ಹಗೆ ಸಾಧಿಸಲು ಯಾರೂ ಉಳಿಯುತ್ತಿರಲಿಲ್ಲ.

ಭಯ ಹುಟ್ಟಿದ ಕಡೆ

ಅತ್ತ ಅಮೆರಿಕದಲ್ಲಿ ಬೇರೊಂದು ಬಗೆಯ ಚಿತ್ರ ಬೆಳೆಯುತ್ತಿತ್ತು. ಸರ್ಕಾರಿ ಶಾಲೆಗಳಲ್ಲಿ ಅಧಿಕೃತ ಪ್ರಾರ್ಥನೆ ಹೇಳಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1962ರಲ್ಲಿ ತೀರ್ಪಿತ್ತಿತು. ಮರುವರ್ಷ ತರಗತಿಯ ಬೈಬಲ್ ಪಠಣಕ್ಕೂ ತಡೆ ಬಿತ್ತು. ಎಲ್ಲರ ಶಾಲೆ ಎಲ್ಲರದಾಗಿರಲಿ ಎಂಬುದು ನ್ಯಾಯದ ಮಾತು. ಸುವಾರ್ತಾವಾದಿ ಕ್ರೈಸ್ತರಲ್ಲಿ ಅನೇಕರಿಗೆ ಮಾತ್ರ ತಮ್ಮ ಮನೆಯಿಂದ ತಮ್ಮನ್ನೇ ಹೊರಹಾಕಿದಂತೆ ಅನಿಸಿತು. 1972ರಲ್ಲಿ ಐಯೊವಾ ರಾಜ್ಯದಲ್ಲಿ ಸಣ್ಣ ಬಂಡವಾಳದಲ್ಲಿ ತಯಾರಾದ ‘ಎ ಥೀಫ್ ಇನ್ ದ ನೈಟ್’ ಆ ಅಳುಕಿಗೆ ರೂಪ ಕೊಟ್ಟಿತು. ನಂಬಿದವರೆಲ್ಲ ಒಂದು ಬೆಳಿಗ್ಗೆ ಮಾಯ. ಉಳಿದವರನ್ನು ಸರ್ವಾಧಿಕಾರಿ ಸರ್ಕಾರ ಬೇಟೆಯಾಡುತ್ತದೆ. ಚರ್ಚಿನ ಸಭಾಂಗಣಗಳಲ್ಲಿ ಇದನ್ನು ನೋಡಿ ಬೆಚ್ಚಿದ ಮಕ್ಕಳು ದೊಡ್ಡವರಾದ ಮೇಲೂ ಆ ಭಯವನ್ನು ನೆನೆದು ಬರೆದಿದ್ದಾರೆ. 1995ರಲ್ಲಿ ಶುರುವಾದ ‘ಲೆಫ್ಟ್ ಬಿಹೈಂಡ್’ ಕಾದಂಬರಿ ಸರಣಿ ಇದೇ ಎಳೆಯನ್ನು ಹಿಡಿದು ಕೋಟಿಗಟ್ಟಲೆ ಮಾರಾಟವಾಯಿತು, ಸಿನಿಮಾವೂ ಆಯಿತು.

2014ರ ‘ಗಾಡ್ಸ್ ನಾಟ್ ಡೆಡ್’ ಆ ಭಯವನ್ನು ಅಂತ್ಯಕಾಲದಿಂದ ಇಳಿಸಿ ಕಾಲೇಜಿನ ತರಗತಿಗೆ ತಂದಿತು. ‘ದೇವರು ಸತ್ತಿದ್ದಾನೆ’ ಎಂದು ಬರೆದು ಸಹಿ ಹಾಕಿ ಎನ್ನುವ ತತ್ವಶಾಸ್ತ್ರದ ಪ್ರೊಫೆಸರ್. ಒಲ್ಲೆ ಎನ್ನುವ ಒಬ್ಬ ಹುಡುಗ. ಕೊನೆಗೆ ಪ್ರೊಫೆಸರ್ ಮಳೆಯಲ್ಲಿ ಕಾರಿಗೆ ಸಿಕ್ಕಿ, ರಸ್ತೆಯಲ್ಲೇ ದೇವರನ್ನು ಒಪ್ಪಿ ಸಾಯುತ್ತಾನೆ. ಸುಮಾರು 20 ಲಕ್ಷ ಡಾಲರಿನಲ್ಲಿ ಮಾಡಿದ ಚಿತ್ರ 6 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. 2016ರ ಎರಡನೇ ಭಾಗದಲ್ಲಿ ಒಬ್ಬ ಶಿಕ್ಷಕಿ, ಗಾಂಧೀಜಿ ಮತ್ತು ಮಾರ್ಟಿನ್ ಲೂಥರ್ ಕಿಂಗ್ ಅವರ ಅಹಿಂಸೆಯ ಪಾಠದ ನಡುವೆ ವಿದ್ಯಾರ್ಥಿನಿಯ ಪ್ರಶ್ನೆಗೆ ಏಸುವಿನ ಮಾತಿನಿಂದ ಉತ್ತರಿಸಿ ಕೋರ್ಟಿನ ಕಟಕಟೆ ಹತ್ತುತ್ತಾಳೆ. ಅಹಿಂಸೆಯ ಪಾಠದಿಂದ ಹೊರಟ ಕಥೆ ‘ನಾವು’ ಮತ್ತು ‘ಅವರು’ ಎಂಬ ಜಗಳದಲ್ಲಿ ಮುಗಿಯುತ್ತದೆ.

ಟೀಕೆ ಹೊರಗಿನವರಿಂದಷ್ಟೇ ಬರಲಿಲ್ಲ. ‘ಕ್ರಿಶ್ಚಿಯಾನಿಟಿ ಟುಡೇ’ ಪತ್ರಿಕೆಯ ಮುಖ್ಯ ಸಿನಿಮಾ ವಿಮರ್ಶಕಿಯಾಗಿದ್ದ ಅಲಿಸ್ಸಾ ವಿಲ್ಕಿನ್ಸನ್, ಇಂಥ ಚಿತ್ರಗಳು ನಂಬಿಕೆಯ ಕಲ್ಪನಾಶಕ್ತಿಯನ್ನೇ ಬಡವಾಗಿಸುತ್ತವೆ ಎಂಬ ನಿಲುವಿನವರು. 2013ರಲ್ಲಿ ವಿದ್ವಾಂಸೆ ಕ್ಯಾಂಡಿಡಾ ಮಾಸ್, ಆದಿ ಕ್ರೈಸ್ತರ ಮೇಲಿನ ಹಿಂಸೆಯ ಕಥೆಗಳಲ್ಲಿ ಎಷ್ಟೋ ನಂತರದ ಕಾಲದಲ್ಲಿ ಹಿಗ್ಗಿದವು ಎಂದೂ, ಆ ಕಥನ ಇಂದಿಗೂ ರಾಜಕೀಯದ ಆಯುಧವಾಗಿದೆ ಎಂದೂ ವಾದಿಸಿದರು. ನನ್ನ ತಕರಾರು ಇನ್ನೂ ಸರಳ: ಬಹುಸಂಖ್ಯಾತರು ತಮ್ಮನ್ನೇ ಬಲಿಪಶುವೆಂದು ತೆರೆಯ ಮೇಲೆ ನೋಡಿ ಚಪ್ಪಾಳೆ ತಟ್ಟತೊಡಗಿದರೆ, ನಿಜವಾಗಿ ನೊಂದವರ ದನಿ ಆ ಸದ್ದಿನಲ್ಲಿ ಮುಳುಗುತ್ತದೆ. ಈ ಮಾತು ಅಮೆರಿಕಕ್ಕೂ ಸಲ್ಲುತ್ತದೆ, ಯಾವ ಮತದ ಬಹುಸಂಖ್ಯಾತರಿಗೂ ಸಲ್ಲುತ್ತದೆ.

ನಿಜವಾದ ಬೆಂಕಿ

ನಮ್ಮ ದೇಶದಲ್ಲಿ ಆ ನೋವು ಕಲ್ಪನೆಯದಲ್ಲ. ಒಡಿಶಾದ ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಅವರನ್ನು, ಹತ್ತು ವರ್ಷದ ಫಿಲಿಪ್ ಮತ್ತು ಆರು ವರ್ಷದ ತಿಮೋತಿ ಎಂಬ ಇಬ್ಬರು ಗಂಡುಮಕ್ಕಳ ಸಮೇತ, 1999ರ ಜನವರಿ 22–23ರ ರಾತ್ರಿ ಮನೋಹರಪುರದಲ್ಲಿ ವಾಹನದೊಳಗೆ ಮಲಗಿದ್ದಾಗ ಸುಟ್ಟರು. ಮಡದಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು, ರೋಗಿಗಳ ಸೇವೆ ಮುಂದುವರಿಸಿದರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಅನೀಶ್ ಡೇನಿಯಲ್ ನಿರ್ದೇಶಿಸಿದ ‘ದ ಲೀಸ್ಟ್ ಆಫ್ ದೀಸ್’ 2019ರಲ್ಲಿ ಈ ಕಥೆಯನ್ನು ತೆರೆಗೆ ತಂದಿತು. ಸ್ಟೇನ್ಸ್ ಪಾತ್ರದಲ್ಲಿ ಸ್ಟೀಫನ್ ಬಾಲ್ಡ್ವಿನ್. ಮತಾಂತರದ ಗುಮಾನಿ ಹೊತ್ತು ಬರುವ ಕಾಲ್ಪನಿಕ ಪತ್ರಕರ್ತನಾಗಿ ಶರ್ಮನ್ ಜೋಶಿ. ಸಂಶಯಪಡುವವನಿಗೆ ಒಂದು ಮನೆ, ಒಂದು ಸಂಸಾರ, ಒಂದು ಮನಸ್ಸಾಕ್ಷಿ ಕೊಟ್ಟದ್ದು ಈ ಚಿತ್ರದ ಹೆಚ್ಚುಗಾರಿಕೆ. ಕಾಲೇಜಿನ ಪ್ರೊಫೆಸರನನ್ನು ಕಾರಿನಡಿ ಹಾಕಿ ಗೆದ್ದ ಚಿತ್ರಕ್ಕೂ ಇದಕ್ಕೂ ಇರುವ ಅಂತರ ಅಲ್ಲಿದೆ.

ಕಲ್ಯಾಣದ ಅಳತೆಗೋಲು

ಹಿಂಸೆಯ ಕಥೆಯನ್ನು ಹೇಗೆ ಹೇಳಬೇಕು ಎಂಬುದಕ್ಕೆ ರಾಯಿಕೋಡಿನವರು ಐಯೊವಾ ಕಡೆ ನೋಡಬೇಕಿಲ್ಲ. ಬೀದರ್ ದಾಟಿದರೆ ಬಸವಕಲ್ಯಾಣ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಇಬ್ಬರು ಬೀಗರಿಗೂ ಎಳೆಸಿ ಕೊಲ್ಲುವ ಎಳೆಹೂಟೆಯ ಶಿಕ್ಷೆಯಾದ ನೆನಪು ಈ ಸೀಮೆಯ ಮನೆಮನೆಯಲ್ಲಿದೆ. ಹನ್ನೆರಡನೇ ಶತಮಾನದ ಆ ಗಾಯವನ್ನು ಪಿ. ಲಂಕೇಶ್ ‘ಸಂಕ್ರಾಂತಿ’ಯಲ್ಲಿ ಮುಟ್ಟಿದರು, 1990ರಲ್ಲಿ ಗಿರೀಶ ಕಾರ್ನಾಡರು ‘ತಲೆದಂಡ’ದಲ್ಲಿ ಮುಟ್ಟಿದರು. ಕಾರ್ನಾಡರ ಬಿಜ್ಜಳ ದೊರೆ ಖಳನಲ್ಲ, ಜಾತಿಯ ಅವಮಾನ ಉಂಡ ಮನುಷ್ಯ. ಅವರ ಬಸವಣ್ಣ, ತನ್ನವರೇ ಹಿಂಸೆಗೆ ಕೈಹಾಕುವುದನ್ನು ಕಂಡು ಕುಸಿಯುತ್ತಾನೆ. ನಮ್ಮವರು ಸತ್ತರು ಎಂದು ಅಳುವಾಗಲೇ ನಮ್ಮವರೇನು ಮಾಡಿದರು ಎಂದೂ ಕೇಳುವ ಧೈರ್ಯ ಆ ನಾಟಕದ್ದು. ಹುತಾತ್ಮರ ಮೇಲಿನ ಯಾವ ಸಿನಿಮಾವನ್ನೂ ನಾನು ಇದೇ ಅಳತೆಗೋಲಿನಿಂದ ಅಳೆಯುತ್ತೇನೆ.

ಇನ್ನೊಂದು ಪ್ರಶ್ನೆಯೂ ಇದೆ. ಈ ಸೀಮೆಯ ದಲಿತ ಕ್ರೈಸ್ತನ ಕಷ್ಟ ಏನು? 1950ರ ರಾಷ್ಟ್ರಪತಿಗಳ ಪರಿಶಿಷ್ಟ ಜಾತಿ ಆದೇಶ ಹಿಂದೂಗಳಿಗೆ ಮಾತ್ರ ಆ ಸ್ಥಾನ ಕೊಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಿಸಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ತೆಲಂಗಾಣದಲ್ಲಿ ಅವರು ಹಿಂದುಳಿದ ವರ್ಗದ ‘ಸಿ’ ಗುಂಪು, ಮೀಸಲಾತಿ ಶೇ 1. ಈ ವಿಷಯ ಪರಿಶೀಲಿಸಲು ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ 2022ರಲ್ಲಿ ರಚನೆಯಾಯಿತು. ಊರಿನಲ್ಲಿ ಜಾತಿ ಬಿಡದು, ಕಾಗದದಲ್ಲಿ ಜಾತಿ ಸಿಗದು. ಚರ್ಚಿನೊಳಗೂ ಮಾಲ, ಮಾದಿಗ ಎಂಬ ಗೆರೆ ಅಳಿಸಿಲ್ಲ. ಕಟಕಟೆ, ಕ್ಲಾಸ್‌ರೂಮ್ ಎಂದು ಕೂಗಾಡುತ್ತ ಮೊಬೈಲಿಗೆ ಬರುವ ಆಮದು ಚಿತ್ರಗಳಲ್ಲಿ ಈ ನೋವಿಗೆ ಒಂದು ದೃಶ್ಯದಷ್ಟೂ ಜಾಗವಿಲ್ಲ.

ಆದ್ದರಿಂದ ಈ ಸೀಮೆಯ ಪಾಸ್ಟರುಗಳಿಗೆ, ಯುವಕ ಸಂಘಗಳಿಗೆ, ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರಿಗೆ ಒಂದು ವಿನಂತಿ. ಎರವಲು ಭಯವನ್ನು ಸಭೆಯಲ್ಲಿ ಹಂಚಬೇಡಿ. ಬರಗಾಲದಲ್ಲಿ ಕಲ್ಲು ಹೊತ್ತು ಮೆದಕ್ ಚರ್ಚು ಕಟ್ಟಿದ ನಿಮ್ಮ ಮುತ್ತಜ್ಜಿಯರ ಕಥೆ ತೆಗೆಯಿರಿ, ಜಾತಿಪತ್ರಕ್ಕಾಗಿ ಅಲೆಯುವ ಮಗನ ಕಥೆ ತೆಗೆಯಿರಿ. ಅದರಲ್ಲಿ ಎದುರಾಳಿಗೂ ಮನುಷ್ಯನ ಮುಖ ಕೊಡಿ. ಅಂಥ ಸಿನಿಮಾವನ್ನು ವೀರಭದ್ರನ ಜಾತ್ರೆಗೆ ಬಂದವರೂ ನಿಂತು ನೋಡುತ್ತಾರೆ.