ಒಬ್ಬನ ಸಾವು, ಎಲ್ಲರ ಸಾಲ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಕಂಬವಿದೆ. ಗೋಡೆಯ ಶಿಲ್ಪ ನೋಡುವ ಭರದಲ್ಲಿ ಹೆಚ್ಚಿನವರು ಅದನ್ನು ದಾಟಿ ಹೋಗುತ್ತಾರೆ. ಹತ್ತಿರ ಹೋಗಿ ನೋಡಿದರೆ ಕತ್ತಿ ಹಿಡಿದ ವೀರರು ತಮ್ಮ ಕೈಕಾಲುಗಳನ್ನು, ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವುದು ಕಾಣುತ್ತದೆ. 1220ರ ಸುಮಾರಿಗೆ ಎರಡನೆಯ ವೀರಬಲ್ಲಾಳ ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮ, ಅವನ ಮಡದಿ ಸುಗ್ಗಲದೇವಿ ಮತ್ತು ಸಾವಿರ ಮಂದಿ ವೀರರು ಪ್ರಾಣ ಒಪ್ಪಿಸಿದರೆಂದು ಅಲ್ಲಿನ ಶಾಸನ ಹೇಳುತ್ತದೆ. ಗರುಡರೆಂದು ಹೆಸರಾದ ಈ ವೀರರಿಗೆ ಒಡೆಯನ ಋಣ ಪ್ರಾಣಕ್ಕಿಂತ ದೊಡ್ಡದಾಗಿತ್ತು.

ಋಣ ಮತ್ತು ಗೌರವದ ಇಂಥದೇ ಲೋಕದಲ್ಲಿ ಕುಳಿತು, ಇದಕ್ಕೂ ನೂರಿಪ್ಪತ್ತು ವರ್ಷ ಮೊದಲು, ಯುರೋಪಿನ ಸಂನ್ಯಾಸಿಯೊಬ್ಬ ಒಂದು ಗ್ರಂಥ ಮುಗಿಸಿದ. ಅವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್. ರಾಜನೊಡನೆ ಮನಸ್ತಾಪವಾಗಿ ದೇಶ ಬಿಟ್ಟು ಇಟಲಿಯಲ್ಲಿದ್ದಾಗ, 1098ರಲ್ಲಿ ಮುಗಿಸಿದ ಆ ಗ್ರಂಥ 'ದೇವರು ಮನುಷ್ಯನಾದದ್ದು ಏಕೆ' ಎಂಬುದನ್ನು ಶಿಷ್ಯ ಬೋಸೊ ಜೊತೆಗಿನ ಸಂವಾದವಾಗಿ ಬಿಡಿಸುತ್ತದೆ. ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದಿರುವುದು. ಅನಂತನಾದ ಒಡೆಯನಿಗೆ ಮಾಡಿದ ಅವಮಾನದ ಬಾಕಿಯೂ ಅನಂತ. ಬಾಕಿ ಇರುವುದು ಮನುಷ್ಯನ ಮೇಲೆ, ತೀರಿಸುವ ಶಕ್ತಿ ಇರುವುದು ದೇವರಿಗೆ ಮಾತ್ರ. ಹಾಗಾಗಿ ಎರಡೂ ಆಗಿರುವ ಒಬ್ಬನೇ ಅದನ್ನು ತೀರಿಸಬಲ್ಲ.

ಯೇಸುವಿನ ಶಿಲುಬೆಯ ಸಾವಿಗೆ ಇದೇ ಮೊದಲಿನಿಂದಲೂ ಇದ್ದ ವಿವರಣೆ ಎಂದುಕೊಂಡವರು ಬಹಳ. ಕ್ರೈಸ್ತಸಭೆಯ ಮೊದಲ ಸಾವಿರ ವರ್ಷಗಳಲ್ಲಿ ಇದು ಹೀಗೆ ಇರಲೇ ಇಲ್ಲ. ಯೇಸು ನಮಗೋಸ್ಕರ ಶಿಲುಬೆಗೇರಿದ ಎಂದು ನಾಲ್ಕನೇ ಶತಮಾನದ ವಿಶ್ವಾಸಪ್ರಮಾಣ ಹೇಳಿತು. ಆ ಸಾವು ನಮ್ಮನ್ನು ಹೇಗೆ ಉಳಿಸುತ್ತದೆ ಎಂಬುದನ್ನು ಹೇಳಲಿಲ್ಲ. ಅಲ್ಲಿ ಬಿಟ್ಟ ಜಾಗವನ್ನು ಪ್ರತಿಯೊಂದು ಕಾಲವೂ ತನ್ನ ಕೋರ್ಟು, ತನ್ನ ಅರಮನೆ, ತನ್ನ ಸಂತೆಯ ಮಾತಿನಿಂದ ತುಂಬುತ್ತ ಬಂದಿದೆ. ಗುಲಾಮರನ್ನು ಹಣ ಕೊಟ್ಟು ಬಿಡಿಸುತ್ತಿದ್ದ ಕಾಲದಲ್ಲಿ ಯೇಸುವಿನ ಪ್ರಾಣ ಒತ್ತೆ ಬಿಡಿಸುವ ಹಣವಾಯಿತು. ಮನುಕುಲ ಸೈತಾನನ ಒತ್ತೆಯಲ್ಲಿದೆ ಎಂದು ಅಲೆಕ್ಸಾಂಡ್ರಿಯದ ಒರಿಗೆನ್ ವಿವರಿಸಿದ. ನಿಸ್ಸದ ಗ್ರೆಗೊರಿ ಇನ್ನೂ ಮುಂದೆ ಹೋಗಿ, ದೈವತ್ವದ ಗಾಳವನ್ನು ಮನುಷ್ಯದೇಹದ ಎರೆಯಲ್ಲಿ ಅಡಗಿಸಿ ಸೈತಾನನನ್ನು ಹಿಡಿಯಲಾಯಿತು ಎಂದ. ದೇವರು ಮೋಸ ಮಾಡಿ ಗೆದ್ದನೇ? ಆ ಕಾಲದ ಇನ್ನೊಬ್ಬ ಗ್ರೆಗೊರಿ, ನಾಜಿಯಾನ್ಸಸ್‌ನವನು, ಸುಮ್ಮನಿರಲಾರದೆ ಕೇಳಿಯೇ ಬಿಟ್ಟ: ಆ ಹಣ ಸಂದದ್ದು ಯಾರಿಗೆ? ಸೈತಾನನಿಗೆ ಎನ್ನುವುದು ನಾಚಿಕೆಗೇಡು. ತಂದೆಗೆ ಎನ್ನುವುದಾದರೆ, ನಮ್ಮನ್ನು ಒತ್ತೆ ಇಟ್ಟುಕೊಂಡವನು ಅವನಲ್ಲವಲ್ಲ?

ಆನ್ಸೆಲ್ಮನ ವಾದಕ್ಕೆ ಮುಂದಿನ ತಲೆಮಾರಿನಲ್ಲಿ ಎದುರಾದವನು ಪ್ಯಾರಿಸಿನ ಪೀಟರ್ ಅಬೆಲಾರ್. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಹತ್ತಿರದವನು ಇವನೇ. ರೋಮನರ ಪತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ಅವನು ಎತ್ತಿದ ಪ್ರಶ್ನೆಗೆ ಇಂದಿಗೂ ಸಲೀಸಾದ ಉತ್ತರ ಸಿಕ್ಕಿಲ್ಲ. ಆದಾಮ ಹಣ್ಣು ತಿಂದದ್ದಕ್ಕೆ ಅಷ್ಟು ಮುನಿದ ದೇವರು, ತನ್ನ ಮಗನನ್ನೇ ಕೊಂದ ಅದಕ್ಕಿಂತ ಘೋರ ಪಾಪದಿಂದ ಸಮಾಧಾನಗೊಂಡದ್ದು ಹೇಗೆ? ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಕ್ರೌರ್ಯವಲ್ಲವೇ? ಅಬೆಲಾರನ ಪ್ರಕಾರ ಶಿಲುಬೆ ದೇವರ ಮನಸ್ಸನ್ನು ಬದಲಿಸಲಿಲ್ಲ, ಅದು ಬದಲಿಸುವುದು ನೋಡುವವನ ಮನಸ್ಸನ್ನು. ಅಷ್ಟು ಪ್ರೀತಿಯನ್ನು ಕಂಡವನೊಳಗೆ ಪ್ರೀತಿ ಹುಟ್ಟುತ್ತದೆ, ಬಿಡುಗಡೆ ಎಂದರೆ ಅದೇ. ಕ್ಲೆರ್ವೋದ ಬರ್ನಾರ್ಡ್ ಅವನ ಮೇಲೆ ಹರಿಹಾಯ್ದ, ಸೆನ್ಸ್‌ನ ಸಭೆ ಅವನ ಬೋಧನೆಗಳನ್ನು ಖಂಡಿಸಿತು. 1142ರಲ್ಲಿ ಅಬೆಲಾರ್ ತೀರಿಕೊಂಡ.

ಗೋವಿನ ಹಾಡನ್ನು ಕೇಳಿ ಬೆಳೆದವರಿಗೆ ಅಬೆಲಾರ್ ಹೊಸಬನಲ್ಲ. ಪುಣ್ಯಕೋಟಿ ಮಾತಿಗೆ ತಪ್ಪದೆ ಮರಳಿ ಬರುತ್ತಾಳೆ, ಹುಲಿಯ ಎದೆ ಒಡೆಯುತ್ತದೆ. ಅಲ್ಲಿ ಯಾರೂ ಯಾರಿಗೂ ದಂಡ ಕಟ್ಟುವುದಿಲ್ಲ. ಆದರೆ ಅಬೆಲಾರನ ವಿರೋಧಿಗಳ ಆಕ್ಷೇಪಣೆಯೂ ಇದೇ ಕಥೆಯ ಪಕ್ಕದಲ್ಲೇ ಇದೆ: ಹುಲಿಯ ಮನಸ್ಸು ಕರಗದಿದ್ದರೆ? ಆಗ ಹಸುವಿನ ಸತ್ಯದಿಂದ ಲೋಕದಲ್ಲಿ ಏನು ಬದಲಾದಂತಾಯಿತು?

ಹದಿನಾರನೇ ಶತಮಾನದಲ್ಲಿ ವಾದ ಅರಮನೆಯಿಂದ ಕೋರ್ಟಿಗೆ ಬಂತು. ಕಾನೂನು ಓದಿದ್ದ ಜಾನ್ ಕ್ಯಾಲ್ವಿನ್ ಆನ್ಸೆಲ್ಮನ ಲೆಕ್ಕವನ್ನು ತಿರುಗಿಸಿದ. ಈ ತಿರುವನ್ನು ಗಮನಿಸಬೇಕು. ಆನ್ಸೆಲ್ಮನಲ್ಲಿ ಇದ್ದ ದಾರಿಗಳು ಎರಡು, ತೃಪ್ತಿಪಡಿಸುವುದು ಇಲ್ಲವೇ ಶಿಕ್ಷೆ. ಯೇಸು ತನ್ನನ್ನು ಒಪ್ಪಿಸಿಕೊಂಡು ಶಿಕ್ಷೆಯನ್ನು ತಪ್ಪಿಸಿದ. ಕ್ಯಾಲ್ವಿನ್‌ನಲ್ಲಿ ಶಿಕ್ಷೆಯೇ ತೃಪ್ತಿಯಾಯಿತು, ನಮಗೆ ಬರಬೇಕಿದ್ದ ದಂಡನೆಯನ್ನು ಯೇಸು ಅನುಭವಿಸಿದ. ಬಹುಪಾಲು ಪ್ರೊಟೆಸ್ಟೆಂಟ್ ಪ್ರವಚನಗಳಲ್ಲಿ ಇಂದಿಗೂ ಕೇಳಿಬರುವುದು ಈ ವಿವರಣೆ. ಅದರ ಬೇರಿಗೇ ಕೊಡಲಿ ಹಾಕಿದವನು ಇಟಲಿಯ ಫೌಸ್ಟೊ ಸೊಚ್ಚಿನಿ. 1594ರಲ್ಲಿ ಅಚ್ಚಾದ ಅವನ ಗ್ರಂಥದ ತರ್ಕ ಸರಳ: ಪೂರ್ತಿ ಸಾಲ ವಸೂಲಾದ ಮೇಲೆ ಕ್ಷಮೆ ಎನ್ನುವುದಕ್ಕೆ ಅರ್ಥವೇನು? 1617ರಲ್ಲಿ ಅವನಿಗೆ ಉತ್ತರ ಬರೆದ ಹ್ಯೂಗೊ ಗ್ರೋಷಿಯಸ್ ಕೂಡ ವಕೀಲನೇ. ಮುಂದೆ 1793ರಲ್ಲಿ ತತ್ತ್ವಜ್ಞಾನಿ ಕಾಂಟ್, ನೈತಿಕ ಅಪರಾಧ ಹಣದ ಸಾಲದಂತೆ ಒಬ್ಬರಿಂದ ಒಬ್ಬರಿಗೆ ವರ್ಗವಾಗುವಂಥದ್ದಲ್ಲ ಎಂದ.

ಕಾಂಟ್ ಹೇಳಿದ್ದು ಚನ್ನರಾಯಪಟ್ಟಣ ತಾಲ್ಲೂಕಿನವರಿಗೆ ಬಹಳ ಹಳೆಯ ಮಾತು. ಇದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಂದ್ರಗಿರಿಯ ಮೇಲೆ, ಕ್ರಿ.ಶ. 600ರ ಸುಮಾರಿನ ಶಾಸನವೊಂದು ಏಳುನೂರು ಋಷಿಗಳು ಅಲ್ಲಿ ಸಮಾಧಿಮರಣ ಹೊಂದಿದ್ದನ್ನು ಹೇಳುತ್ತದೆ. ಅನ್ನನೀರು ಬಿಟ್ಟು, ತನ್ನ ಕರ್ಮವನ್ನು ತಾನೇ ಸವೆಸಿ ಹೋದ ಆ ಮುನಿಗಳಲ್ಲಿ ಒಬ್ಬನೂ ಇನ್ನೊಬ್ಬನ ಪಾಲಿಗೆಂದು ಸಾಯಲಿಲ್ಲ. ಜೈನ ದರ್ಶನದಲ್ಲಿ ಅದಕ್ಕೆ ಎಡೆಯೇ ಇಲ್ಲ. ಗುರು ದಾರಿ ತೋರಿಸಬಹುದು, ನಡೆಯಬೇಕಾದವನು ನೀನೇ.

ಇಂಥ ನೆಲಕ್ಕೆ ಶಿಲುಬೆಯ ಮಾತು ಹೊತ್ತು ಬಂದವರಲ್ಲೊಬ್ಬ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಅವನು ಹಾಸನದ ಹತ್ತಿರ ಸಾತಹಳ್ಳಿಯಲ್ಲಿ ರೈತರ ನೆಲೆಯೊಂದನ್ನು ಕಟ್ಟಿದ. ಜನ ಅವನನ್ನು ದೊಡ್ಡಸ್ವಾಮಿಯವರು ಎನ್ನುತ್ತಿದ್ದರು. ಸಿಡುಬಿಗೆ ದೇವಿ ಹಾಕಿಸುವ ಕೆಲಸದಲ್ಲೂ ಅವನು ಓಡಾಡಿದ. ಮೂರು ದಶಕ ಈ ದೇಶದಲ್ಲಿದ್ದು 1823ರಲ್ಲಿ ಹಿಂದಿರುಗಿದಾಗ, ಹಿಂದೂಗಳನ್ನು ನಿಜವಾದ ಕ್ರೈಸ್ತರನ್ನಾಗಿಸುವುದು ಆಗದ ಕೆಲಸ ಎಂದು ಅಚ್ಚುಹಾಕಿಸಿಯೇ ಬಿಟ್ಟ. ಅವನು ಕೊಟ್ಟ ಕಾರಣಗಳಲ್ಲೊಂದು ಬೈಬಲಿನ ಪಶುಬಲಿ. ಯೆರೂಸಲೇಮಿನ ದೇವಾಲಯದಲ್ಲಿ ಎತ್ತು, ಕರುಗಳ ರಕ್ತ ಹರಿದದ್ದನ್ನು, ದಾರಿತಪ್ಪಿದ ಮಗ ಮರಳಿದ ಸಂತೋಷಕ್ಕೆ ಕೊಬ್ಬಿದ ಕರುವನ್ನು ಕಡಿದದ್ದನ್ನು ಓದಿದ ಬ್ರಾಹ್ಮಣ ಗ್ರಂಥವನ್ನೇ ದೂರ ಎಸೆಯುತ್ತಾನೆ ಎಂದು ಅವನ ಅಳಲು. ಕರುವಿನ ಚಿಂತೆಯಲ್ಲಿ ಅದೇ ಕಥೆಯ ಇನ್ನೊಂದು ಸಂಗತಿ ಮರೆಯಾಗುತ್ತದೆ. ಆ ತಂದೆ ಮಗನಿಂದ ಒಂದು ಕಾಸಿನ ಬಾಕಿಯನ್ನೂ ಕೇಳಲಿಲ್ಲ. ಹಿರಿಯ ಮಗನನ್ನು ಹೊಡೆದು ಕಿರಿಯನನ್ನು ಬಿಡಲಿಲ್ಲ. ದೂರದಿಂದಲೇ ಕಂಡು ಓಡಿಹೋಗಿ ಅಪ್ಪಿಕೊಂಡ. ಯೇಸುವೇ ಹೇಳಿದ ಕಥೆಯಲ್ಲಿ ಕ್ಷಮೆಗೆ ಬೆಲೆ ಇಲ್ಲವೆಂದ ಮೇಲೆ ದಂಡನೆಯ ವಾದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಭಾರತೀಯರ ಆಕ್ಷೇಪಣೆಯೂ ಬಹುಮಟ್ಟಿಗೆ ಈ ಜಾಡಿನದೇ. 1820ರಲ್ಲಿ ರಾಮಮೋಹನ ರಾಯರು ಯೇಸುವಿನ ನೀತಿಬೋಧೆಗಳನ್ನಷ್ಟೇ ಆಯ್ದು ಪ್ರಕಟಿಸಿದಾಗ ಸೆರಾಂಪುರದ ಮಿಶನರಿ ಮಾರ್ಷ್‌ಮನ್ ಜೊತೆ ವರ್ಷಗಟ್ಟಲೆ ವಾಗ್ವಾದ ನಡೆಯಿತು. ಪ್ರಿಟೋರಿಯಾದಲ್ಲಿ ಗಾಂಧೀಜಿ ಕ್ರೈಸ್ತ ಮಿತ್ರನೊಬ್ಬನಿಗೆ, ತಾವು ಬಯಸುವುದು ಪಾಪದ ಫಲದಿಂದ ಬಿಡುಗಡೆಯನ್ನಲ್ಲ, ಪಾಪದಿಂದಲೇ ಬಿಡುಗಡೆಯನ್ನು ಎಂದರು. ಕನ್ನಡದಲ್ಲಿ ಮಂಜೇಶ್ವರದ ಗೋವಿಂದ ಪೈಗಳು 'ಗೊಲ್ಗೊಥಾ' ಬರೆದಾಗ ಯೇಸುವಿನ ಕಡೆಯ ದಿನದ ನೋವನ್ನೇ ಕಾವ್ಯದ ವಸ್ತುವಾಗಿಸಿದರು. ಆ ಮನೆತನ ಕ್ರೈಸ್ತರದಲ್ಲ ಎಂಬುದನ್ನು ನೆನೆದರೆ ಶಿಲುಬೆ ಕನ್ನಡಕ್ಕೆ ಎಷ್ಟು ಆಪ್ತವಾಯಿತೆಂದು ತಿಳಿಯುತ್ತದೆ.

ಇತ್ತೀಚಿನ ದಶಕಗಳ ಟೀಕೆ ಇನ್ನೂ ತೀಕ್ಷ್ಣ. 1989ರಲ್ಲಿ ಜೋನ್ ಕಾರ್ಲ್ಸನ್ ಬ್ರೌನ್ ಮತ್ತು ರೆಬೆಕಾ ಪಾರ್ಕರ್ ಎಂಬ ಅಮೆರಿಕದ ಇಬ್ಬರು ಮಹಿಳೆಯರು, ತಂದೆಯ ಇಚ್ಛೆಗೆ ಮಗ ಮೌನವಾಗಿ ಸಾಯುವುದನ್ನು ಪೂಜಿಸುವ ಧರ್ಮ ಮನೆಯೊಳಗೆ ಹೊಡೆತ ತಿನ್ನುವ ಹೆಣ್ಣಿಗೆ ಸಹಿಸಿಕೋ ಎನ್ನುವುದನ್ನೇ ಕಲಿಸುತ್ತದೆ ಎಂದು ಬರೆದರು. 'ಕೆರೆಗೆ ಹಾರ'ದ ಭಾಗೀರಥಿಯನ್ನು ಬಲ್ಲ ನಾವು ಇದನ್ನು ತಳ್ಳಿಹಾಕುವಂತಿಲ್ಲ. ಕೆರೆಗೆ ನೀರು ಬರಲೆಂದು ಮನೆಯ ಹಿರಿಯರು ಕಿರಿಸೊಸೆಯನ್ನು ಆರಿಸಿದರು. ಅವಳ ತ್ಯಾಗವನ್ನು ಹಾಡಿ ಹೊಗಳಿದ ಊರು, ಅವಳನ್ನೇ ಆರಿಸಿದ್ದೇಕೆ ಎಂದು ಕೇಳಲಿಲ್ಲ.

ಆ ಪ್ರಶ್ನೆಯನ್ನು ಬೇರೊಂದು ಬದಿಯಿಂದ ಎತ್ತಿದ್ದು ನಮ್ಮ ಬೆಂಗಳೂರಿನಲ್ಲೇ. 1981ರಲ್ಲಿ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಲ್ಲಿ ಅರವಿಂದ ಪಿ. ನಿರ್ಮಲ್ ಶೂದ್ರರ ದೇವಮೀಮಾಂಸೆ ಬೇಕೆಂದರು, ಅದೇ ಮುಂದೆ ದಲಿತ ದೇವಮೀಮಾಂಸೆಯಾಗಿ ಬೆಳೆಯಿತು. ಅವರ ಬರವಣಿಗೆಯಲ್ಲಿ ಯೇಸುವೇ ದಲಿತ. ಶಿಲುಬೆಯ ಮೇಲೆ ಅವನು ಕೂಗಿದ್ದು ಕೈಬಿಡಲ್ಪಟ್ಟವರ ಕೂಗು. ಇಲ್ಲಿ ಸಾಲಗಾರನಿಲ್ಲ, ಸಾಹುಕಾರನಿಲ್ಲ, ನ್ಯಾಯಾಧೀಶನೂ ಇಲ್ಲ. ಊರಾಚೆ ತಳ್ಳಲ್ಪಟ್ಟವರ ಜೊತೆ ದೇವರು ತಾನೂ ಊರಾಚೆ ನಿಂತಿದ್ದಾನೆ. ಜೊತೆಗೆ ನಿಂತ ಮಾತ್ರಕ್ಕೆ ತಳ್ಳಿದವರ ಕೈ ತಡೆದಂತಾಯಿತೇ ಎಂದು ಈ ನಿಲುವನ್ನೂ ಕೇಳಬಹುದು, ಕೇಳಲೇಬೇಕು. ಆದರೆ ಒಂಬೈನೂರು ವರ್ಷ ದೇವರಿಗೆ ಏನು ಸಲ್ಲಬೇಕು ಎಂದೇ ಲೆಕ್ಕ ಹಾಕುತ್ತಿದ್ದ ವಾದದಲ್ಲಿ, ಶಿಲುಬೆಗೇರಿಸಲ್ಪಟ್ಟವರಿಗೆ ಏನು ಸಲ್ಲಬೇಕು ಎಂಬ ಪ್ರಶ್ನೆ ಇಲ್ಲಿ ಮುಂದಕ್ಕೆ ಬಂತು.