ಸ್ಥಳವಿದ್ದೂ ಸ್ಥಳವಿಲ್ಲ

ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ ಗಣಕಯಂತ್ರದ ಮುಂದೆ ಕುಳಿತು, ಕ್ರಮಸಂಖ್ಯೆಯನ್ನು ಬರೆದು, ಗುಂಡಿಯನ್ನೊತ್ತಿ, ಉತ್ತರ ಬಾರದೆ ಪರಿತಪಿಸಿದ ಅನುಭವ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಇದ್ದೀತು. ಸರ್ವರು ಕೆಟ್ಟಿದೆಯೆಂದು ಮನೆಯವರು ಹೇಳುತ್ತಾರೆ. ಇನ್ನೂ ದೊಡ್ಡ ಯಂತ್ರವನ್ನು ಕೊಳ್ಳಬಾರದೇ ಎಂದು ನೆರೆಯವರು ಕೇಳುತ್ತಾರೆ. ಹಲವು ವೇಳೆ ಆ ಮಾತು ಸರಿಯೇ. ಆದರೆ ಯಂತ್ರದೊಳಗೆ ಸ್ಥಳ ಧಾರಾಳವಾಗಿದ್ದೂ ಅದು "ಸ್ಥಳವಿಲ್ಲ" ಎಂದು ದೂರುವ ವಿಚಿತ್ರ ಸಂದರ್ಭವೊಂದುಂಟು. ಅದನ್ನು ಮೊದಲು ಅಪಾರ್ಥಮಾಡಿಕೊಂಡು, ಪೆಟ್ಟು ತಿಂದ ಬಳಿಕ ತಿಳಿದುಕೊಂಡವರು ನಾವು. ಆ ವಿಷಯವನ್ನೇ ಇಲ್ಲಿ ವಿವರಿಸಲು ಹೊರಟಿದ್ದೇವೆ.

ಅಂಕಪಟ್ಟಿ, ಬ್ಯಾಂಕಿನ ಲೆಕ್ಕ, ರೈಲಿನ ಮುಂಗಡ ಟಿಕೀಟು ಮೊದಲಾದವುಗಳನ್ನೆಲ್ಲ ಇಂದು ಕೋಷ್ಟಕಗಳ ರೂಪದಲ್ಲಿ ಗಣಕಯಂತ್ರದಲ್ಲಿಡುತ್ತಾರೆ. ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಗಣಿತದ ನಿಯಮಗಳಿಂದ ನಿರ್ವಹಿಸಬಹುದೆಂದು ೧೯೭೦ರಲ್ಲಿ ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬವರು ತೋರಿಸಿಕೊಟ್ಟರು. ಅಂಥ ಕೋಷ್ಟಕಗಳ ಭಂಡಾರಕ್ಕೆ ರಿಲೇಷನಲ್ ಡೇಟಾಬೇಸು ಎಂದು ಹೆಸರು. ಅದರೊಡನೆ ಎಸ್.ಕ್ಯೂ.ಎಲ್. ಎಂಬ ಭಾಷೆಯಲ್ಲಿ ಮಾತನಾಡಬೇಕು. ಈ ಭಾಷೆಯ ಸೊಗಸೆಂದರೆ, ನಮಗೆ ಏನು ಬೇಕೆಂದು ಹೇಳಿದರೆ ಸಾಕು. ಅದನ್ನು ಹೇಗೆ ಹುಡುಕಬೇಕೆಂಬುದನ್ನು ಡೇಟಾಬೇಸೇ ಯೋಚಿಸಿಕೊಳ್ಳುತ್ತದೆ. ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಷ್ಟವೆಲ್ಲ ಅದರಿಂದಲೇ ಹುಟ್ಟಿದುದು.

೧೯೭೯ರಲ್ಲಿ ಮಾರಾಟಕ್ಕೆ ಬಂದು, ಇಂದಿಗೂ ಬಹಳ ಬಳಕೆಯಲ್ಲಿರುವ ಒರಾಕಲ್ ಎಂಬ ಡೇಟಾಬೇಸನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಏಕಕಾಲದಲ್ಲಿ ನೂರಾರು ಜನರು ಅದನ್ನು ಪ್ರಶ್ನಿಸುತ್ತಿರುತ್ತಾರೆ. ಪ್ರತಿಯೊಬ್ಬರ ಪರವಾಗಿಯೂ ಯಂತ್ರದೊಳಗೆ ಒಂದೊಂದು ಕೆಲಸಗಾರ ಕಾರ್ಯಕ್ರಮ ನಡೆಯುತ್ತಿದ್ದರೂ, ಎಲ್ಲರಿಗೂ ಉಪಯೋಗವಾಗುವ ಸಂಗತಿಗಳನ್ನು ಪ್ರತಿಯೊಬ್ಬರೂ ಬೇರೆ ಬೇರೆ ಇಟ್ಟುಕೊಳ್ಳುವುದು ದಂಡ. ಆದುದರಿಂದ ಯಂತ್ರದ ಮೆಮೊರಿಯಲ್ಲಿ ಒಂದು ಭಾಗವನ್ನು ಎಲ್ಲರಿಗೂ ಸೇರಿದುದಾಗಿ ಬಿಟ್ಟಿರುತ್ತಾರೆ. ಇದೇ ಶೇರ್ಡ್ ಮೆಮೊರಿ. ಅದರೊಳಗೆ ಮತ್ತೆ ಹಲವು ಕೋಣೆಗಳುಂಟು. ನಮಗೆ ಈಗ ಬೇಕಾದುದು ಶೇರ್ಡ್ ಪೂಲು ಎಂಬ ಕೋಣೆ.

ಒಂದು ಪ್ರಶ್ನೆ ಬಂದಾಗ ಒರಾಕಲ್ ಮೊದಲು ಅದರ ವ್ಯಾಕರಣವನ್ನು ನೋಡುತ್ತದೆ. ಹೆಸರಿಸಿದ ಕೋಷ್ಟಕ ಇದೆಯೇ, ಕೇಳುತ್ತಿರುವವರಿಗೆ ಅದನ್ನು ನೋಡುವ ಅಧಿಕಾರವಿದೆಯೇ ಎಂದು ಪರಿಶೀಲಿಸುತ್ತದೆ. ಬಳಿಕ ಉತ್ತರವನ್ನು ಹುಡುಕುವ ದಾರಿಗಳಲ್ಲಿ ಸುಲಭವಾದುದು ಯಾವುದೆಂದು ಆರಿಸುತ್ತದೆ. ಇಷ್ಟೂ ಶ್ರಮದ ಕೆಲಸ. ಹಾಗೆ ಶ್ರಮಪಟ್ಟು ಮಾಡಿದ ಯೋಜನೆಯನ್ನು ಎಸೆಯದೆ ಶೇರ್ಡ್ ಪೂಲಿನಲ್ಲಿ ಕಾದಿಟ್ಟರೆ, ಅದೇ ಪ್ರಶ್ನೆ ಇನ್ನೊಮ್ಮೆ ಬಂದಾಗ ಮತ್ತೆ ಯೋಚಿಸಬೇಕಾಗಿಲ್ಲ. ೧೯೯೨ರಲ್ಲಿ ಹೊರಬಂದ ಏಳನೆಯ ಆವೃತ್ತಿಯಿಂದ ಈ ಏರ್ಪಾಡು ನಡೆದುಬಂದಿದೆ. ಒಳ್ಳೆಯ ಏರ್ಪಾಡೇ. ಆದರೆ "ಅದೇ ಪ್ರಶ್ನೆ" ಎಂಬುದಕ್ಕೆ ಯಂತ್ರದ ಅರ್ಥ ಬಹಳ ಕಟ್ಟುನಿಟ್ಟಿನದು. ಒಂದು ಅಕ್ಷರ ಬೇರೆಯಾದರೂ, ನಡುವೆ ಒಂದು ಖಾಲಿ ಸ್ಥಳ ಹೆಚ್ಚಾದರೂ, ಅದು ಬೇರೆಯ ಪ್ರಶ್ನೆಯೇ.

ಈಗ ನಮ್ಮ ಕಥೆಗೆ ಬರೋಣ. ಕೆಲವು ವರ್ಷಗಳ ಹಿಂದೆ ಈ ನಗರದ ಒಂದು ಸಂಸ್ಥೆಯಲ್ಲಿ ಡೇಟಾಬೇಸಿನ ಪಾಲನೆ ನಮ್ಮ ಪಾಲಿಗಿತ್ತು. ಸಂಸ್ಥೆಯ ಹೆಸರು ಬೇಡ. ಫಲಿತಾಂಶದ ದಿನ ಹನ್ನೊಂದು ಗಂಟೆಗೆ ಎಲ್ಲವೂ ಸರಿಯಾಗಿಯೇ ಆರಂಭವಾಯಿತು. ಒಂದು ಗಂಟೆ ಕಳೆಯುವುದರೊಳಗೆ ಉತ್ತರಗಳು ನಿಧಾನವಾದುವು, ಬಳಿಕ ನಿಂತೇಹೋದುವು. ಯಂತ್ರದ ದಿನಚರಿಯಲ್ಲಿ ಓ.ಆರ್.ಎ.-೦೪೦೩೧ ಎಂಬ ದೋಷಸಂಖ್ಯೆ ಸಾಲುಸಾಲಾಗಿ ಬಿದ್ದಿತ್ತು. ಶೇರ್ಡ್ ಪೂಲಿನಲ್ಲಿ ೪,೧೬೦ ಬೈಟುಗಳನ್ನು ಕೊಡಲಾಗಲಿಲ್ಲವೆಂಬುದು ಅದರ ಒಕ್ಕಣೆ. ಅತ್ತ ಕಾಲೇಜು ಪ್ರವೇಶದ ಅರ್ಜಿಗೆ ಅಂದು ಸಂಜೆಯೇ ಕಡೆಯ ಗಡುವು. ಅಂಕಗಳ ಪ್ರತಿಗಾಗಿ ಮಕ್ಕಳೂ ತಂದೆತಾಯಿಗಳೂ ಕಿಟಕಿಯ ಮುಂದೆ ಬಿಸಿಲಿನಲ್ಲಿ ನಿಂತಿದ್ದರು.

ನಾವು ಮಾಡಿದ ಮೊದಲ ಕೆಲಸ, ಡೇಟಾಬೇಸನ್ನು ನಿಲ್ಲಿಸಿ ಪುನಃ ಆರಂಭಿಸಿದುದು. ಎಲ್ಲವೂ ಸರಿಹೋಯಿತು! ನಾವು ಚಹಾ ತರಿಸಿದೆವು. ಒಂದು ಗಂಟೆಯೊಳಗೆ ಅದೇ ದೋಷ ಮರಳಿ ಬಂತು. ಎರಡನೆಯ ಬಾರಿ ಶೇರ್ಡ್ ಪೂಲಿನ ಗಾತ್ರವನ್ನೇ ಇಮ್ಮಡಿ ಮಾಡಿದೆವು. ಈ ಸಲ ಸ್ವಲ್ಪ ಹೆಚ್ಚು ಕಾಲ ನಡೆಯಿತು. ಆದರೆ ಕೆಟ್ಟಾಗ ಮೊದಲಿಗಿಂತಲೂ ಕೆಟ್ಟಿತು. ಆಗಲೇ ನಮಗೆ ಸ್ವಲ್ಪ ಬುದ್ಧಿ ಬಂದು, ಖಾಲಿಯಿರುವ ಸ್ಥಳವೆಷ್ಟೆಂದು ನೋಡಿದೆವು. ವಿ-ಡಾಲರ್-ಎಸ್.ಜಿ.ಎ.ಸ್ಟಾಟ್ ಎಂಬ ಕೋಷ್ಟಕ ಅದನ್ನು ತಿಳಿಸುತ್ತದೆ. ಯಂತ್ರ ಕೇಳುತ್ತಿದ್ದುದು ನಾಲ್ಕು ಸಾವಿರ ಚಿಲ್ಲರೆ ಬೈಟು, ಖಾಲಿಯಿದ್ದುದು ಕೋಟಿಗಟ್ಟಲೆ!

ಇದು ಹೇಗೆ ಸಾಧ್ಯ? ಬೇಸಿಗೆಯ ರಜೆಯಲ್ಲಿ ಊರಿಗೆ ಹೊರಟ ರೈಲಿನ ೭೨ ಮಲಗುಸ್ಥಳಗಳ ಗಾಡಿಯನ್ನು ನೆನೆಸಿಕೊಳ್ಳಿರಿ. ಹನ್ನೆರಡು ಸ್ಥಳಗಳು ಖಾಲಿಯಿವೆ. ಐದು ಜನರ ಕುಟುಂಬವೊಂದು ಬಂದು, ಮಕ್ಕಳಿರುವುದರಿಂದ ಒಂದೇ ಕಡೆ ಐದು ಸ್ಥಳ ಬೇಕೆನ್ನುತ್ತದೆ. ಖಾಲಿಯಿರುವ ಹನ್ನೆರಡೂ ಇಲ್ಲೊಂದು ಅಲ್ಲೊಂದು ಚದರಿಹೋಗಿವೆ. ಟಿಕೀಟು ಪರೀಕ್ಷಕರು "ಇಲ್ಲ" ಎಂದರೆ ಅದು ಸುಳ್ಳಲ್ಲ. ಶೇರ್ಡ್ ಪೂಲಿನಲ್ಲಿಯೂ ಕೇಳಿದಷ್ಟು ಬೈಟುಗಳು ಎಡೆಬಿಡದೆ ಒಂದೇ ತುಂಡಾಗಿ ದೊರೆಯಬೇಕು. ರೈಲಿನಲ್ಲಾದರೆ ಯಾರನ್ನಾದರೂ ಬೇಡಿಕೊಂಡು ಅತ್ತಿತ್ತ ಸರಿಸಬಹುದು; ಇಲ್ಲಿ ಬಳಕೆಯಲ್ಲಿರುವ ತುಂಡನ್ನು ಕದಲಿಸುವಂತಿಲ್ಲ, ಏಕೆಂದರೆ ಇತರರು ಅದರ ವಿಳಾಸವನ್ನು ಗುರುತು ಹಾಕಿಕೊಂಡಿರುತ್ತಾರೆ. ದೋಷವನ್ನು ಸಾರುವ ಮುನ್ನ ಒರಾಕಲ್ ತನ್ನ ಪ್ರಯತ್ನವನ್ನು ಮಾಡದೆ ಬಿಡುವುದಿಲ್ಲ. ಬಹುಕಾಲದಿಂದ ಯಾರೂ ಮುಟ್ಟದ ಯೋಜನೆಗಳನ್ನು ಹೊರಹಾಕಿ ಮತ್ತೆ ಹುಡುಕುತ್ತದೆ. ಆಗಲೂ ಉದ್ದವಾದ ತುಂಡು ಸಿಗದಿದ್ದರೆ ಮಾತ್ರ ಕೈಚೆಲ್ಲುತ್ತದೆ.

ದೊಡ್ಡ ಕುಟುಂಬಗಳಿಗೆಂದು ಬೇರೆಯ ಮೀಸಲು ಜಾಗವೂ ಉಂಟು. ಸಾಮಾನ್ಯವಾಗಿ ಪೂಲಿನ ನೂರಕ್ಕೆ ೫ ಪಾಲು. ಆದರೆ ೪,೪೦೦ ಬೈಟುಗಳನ್ನು ಮೀರಿದ ಬೇಡಿಕೆಗೆ ಮಾತ್ರ ಅಲ್ಲಿ ಪ್ರವೇಶವೆಂಬುದು ವಾಡಿಕೆಯ ಕಟ್ಟಳೆ. ನಮ್ಮ ೪,೧೬೦ ಆ ಗೆರೆಯ ಕೆಳಗೇ ನಿಂತು ಬಾಗಿಲನ್ನು ನೋಡುತ್ತಿತ್ತು! ಈ ಗೆರೆಯನ್ನು ತಗ್ಗಿಸುವ ಗುಪ್ತ ಅಳತೆಯೊಂದಿದೆ. ತಯಾರಕರ ಸಲಹೆಯಿಲ್ಲದೆ ಅದನ್ನು ಮುಟ್ಟತಕ್ಕುದಲ್ಲ.

ಹಾಗಾದರೆ ಪೂಲನ್ನು ಇಷ್ಟು ಚೂರುಚೂರು ಮಾಡಿದವರು ಯಾರು? ವಿ-ಡಾಲರ್-ಎಸ್.ಕ್ಯೂ.ಎಲ್. ಎಂಬ ಕೋಷ್ಟಕದಲ್ಲಿ, ಪೂಲಿನಲ್ಲಿ ಸದ್ಯ ಇರುವ ಪ್ರಶ್ನೆಗಳ ಪಟ್ಟಿಯೂ, ಪ್ರತಿಯೊಂದನ್ನು ಎಷ್ಟು ಸಲ ನಡೆಸಲಾಯಿತೆಂಬ ಲೆಕ್ಕವೂ ಸಿಗುತ್ತವೆ. ಅದನ್ನು ತೆರೆದು ನೋಡಿದಾಗ ನಮಗೆ ನಾಚಿಕೆಯಾಯಿತು. "ಕ್ರಮಸಂಖ್ಯೆ ೧೦೦೨೪ ಆಗಿರುವವರ ಅಂಕಗಳನ್ನು ಕೊಡು." ಅದರ ಕೆಳಗೆ, "ಕ್ರಮಸಂಖ್ಯೆ ೧೦೦೨೫ ಆಗಿರುವವರ ಅಂಕಗಳನ್ನು ಕೊಡು." ಹೀಗೆ ಸಾವಿರಾರು. ಪ್ರತಿಯೊಂದರ ಎದುರಿಗೂ ನಡೆಸಿದ ಸಲ ೧. ಮನುಷ್ಯನ ಕಣ್ಣಿಗೆ ಒಂದೇ ಪ್ರಶ್ನೆ. ಯಂತ್ರದ ಕಣ್ಣಿಗೆ ವಿದ್ಯಾರ್ಥಿಗೊಂದು ಹೊಸ ಪ್ರಶ್ನೆ. ಪ್ರತಿಯೊಂದಕ್ಕೂ ವ್ಯಾಕರಣ, ಅಧಿಕಾರ, ದಾರಿಯ ಆಯ್ಕೆ. ಪ್ರತಿಯೊಂದಕ್ಕೂ ಪೂಲಿನಲ್ಲಿ ಹೊಸ ತುಂಡುಗಳು. ಮತ್ತೆಂದೂ ಯಾರೂ ಕೇಳದ ಯೋಜನೆಗಳಿಂದ ಕೋಣೆ ತುಂಬುತ್ತಿತ್ತು. ಗಾತ್ರವನ್ನು ಇಮ್ಮಡಿ ಮಾಡಿದಾಗ ನಾವು ಕಸಕ್ಕೆ ಇನ್ನಷ್ಟು ಜಾಗ ಕೊಟ್ಟಂತಾಯಿತು. ಖಾಲಿ ಚೂರುಗಳ ಪಟ್ಟಿ ಉದ್ದವಾಗಿ, ಅದನ್ನು ತಡಕುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಇದರ ನಿವಾರಣೆ ಮೆಮೊರಿಯಲ್ಲಿರಲಿಲ್ಲ. ಪ್ರಶ್ನೆಯನ್ನು ಬರೆಯುವ ರೀತಿಯಲ್ಲಿತ್ತು. ರೈಲ್ವೆಯ ಮುಂಗಡ ಟಿಕೀಟಿನ ಅರ್ಜಿ ಮುದ್ರಿತವಾಗಿರುತ್ತದೆ. ಹೆಸರು, ವಯಸ್ಸುಗಳಿಗೆ ಜಾಗ ಬಿಟ್ಟಿರುತ್ತಾರೆ. ಪ್ರತಿಯೊಬ್ಬ ಪ್ರಯಾಣಿಕನೂ ತನ್ನದೇ ಮಾತಿನಲ್ಲಿ ಪತ್ರ ಬರೆದುಕೊಟ್ಟರೆ ಗುಮಾಸ್ತರ ಗತಿಯೇನು? ಹಾಗೆಯೇ ಎಸ್.ಕ್ಯೂ.ಎಲ್. ವಾಕ್ಯದಲ್ಲಿಯೂ ಸಂಖ್ಯೆಯ ಸ್ಥಾನವನ್ನು ಒಂದು ಗುರುತಿನಿಂದ ಬಿಟ್ಟು, ಸಂಖ್ಯೆಯನ್ನು ಪ್ರತ್ಯೇಕವಾಗಿ ಕಳುಹಿಸಬಹುದು. ಇದಕ್ಕೆ ಬೈಂಡ್ ವೇರಿಯೆಬಲ್ ಎಂದು ಹೆಸರು. ಬೀಜಗಣಿತದಲ್ಲಿ ಬೆಲೆ ತಿಳಿಯದ ಅಂಶಕ್ಕೆ ಒಂದು ಅಕ್ಷರವನ್ನಿಟ್ಟುಕೊಳ್ಳುವುದಿಲ್ಲವೇ, ಅದರ ಸೋದರನೇ ಇದು. ಇದರಿಂದ ಇನ್ನೊಂದು ಲಾಭವೂ ಉಂಟು: ಕ್ರಮಸಂಖ್ಯೆಯ ಜಾಗದಲ್ಲಿ ಯಾವನಾದರೂ ದುರುದ್ದೇಶದಿಂದ ಎಸ್.ಕ್ಯೂ.ಎಲ್. ಮಾತುಗಳನ್ನೇ ತುರುಕಿದರೂ, ಡೇಟಾಬೇಸು ಅದನ್ನು ಬರಿಯ ಬೆಲೆಯೆಂದು ಎಣಿಸುವುದೇ ಹೊರತು ಆಜ್ಞೆಯೆಂದು ಪಾಲಿಸುವುದಿಲ್ಲ.

ಆ ದಿನವಂತೂ ಕಾರ್ಯಕ್ರಮವನ್ನು ತಿದ್ದುವಷ್ಟು ಸಮಯವಿರಲಿಲ್ಲ. ಕರ್ಸರ್-ಶೇರಿಂಗ್ ಎಂಬ ಅಳತೆಯನ್ನು ಫೋರ್ಸ್ ಎಂದು ಬದಲಿಸಿದರೆ, ವಾಕ್ಯದಲ್ಲಿರುವ ಸಂಖ್ಯೆಗಳನ್ನು ಒರಾಕಲ್ ತಾನೇ ಕಿತ್ತು ಗುರುತುಗಳನ್ನಿಟ್ಟುಕೊಳ್ಳುತ್ತದೆ. ಅದು ಊರುಗೋಲೇ ಹೊರತು ಕಾಲಲ್ಲ. ಇತರ ಪ್ರಶ್ನೆಗಳಿಗೆ ಆರಿಸುವ ದಾರಿ ಅದರಿಂದ ಕೆಡುವುದೂ ಉಂಟು. ಆದರೂ ಅದನ್ನೇ ಹಿಡಿದು ಸಂಜೆಯವರೆಗೆ ನಡೆಸಿದೆವು. ಗಡುವಿನೊಳಗೆ ಎಲ್ಲರಿಗೂ ಪ್ರತಿ ದೊರೆಯಿತೆಂದು ಹೇಳುವ ಧೈರ್ಯ ನಮಗಿಲ್ಲ. ಕೆಲವರು ಬೇಸತ್ತು ಮಧ್ಯಾಹ್ನವೇ ಹಿಂದಿರುಗಿದ್ದರು.

ಈ ದೋಷ ಕಂಡಲ್ಲೆಲ್ಲ ಕಾರಣ ಇದೇ ಎಂದು ಭಾವಿಸಲಾಗದು. ಪೂಲು ನಿಜವಾಗಿಯೂ ಚಿಕ್ಕದಾಗಿರಬಹುದು. ಆಗ ಹಿಗ್ಗಿಸುವುದೇ ಸರಿ. ದೊಡ್ಡ ಯಂತ್ರಗಳಲ್ಲಿ ಒಂದೇ ಪೂಲನ್ನು ಏಳರವರೆಗೆ ಉಪಭಾಗಗಳಾಗಿ ವಿಂಗಡಿಸಿರುವುದುಂಟು. ಒಂದು ತುಂಬಿದ್ದು ಉಳಿದವು ಖಾಲಿಯಿರಬಹುದು. ದೋಷದ ಒಕ್ಕಣೆಯಲ್ಲಿ ಶೇರ್ಡ್ ಪೂಲಿನ ಬದಲು ಲಾರ್ಜ್ ಪೂಲೆಂದಿದ್ದರೆ ಹುಡುಕಬೇಕಾದ ಸ್ಥಳವೇ ಬೇರೆ. ಆದುದರಿಂದ ಯಾವ ಕೋಣೆ, ಎಷ್ಟು ಬೈಟು ಎಂಬೆರಡನ್ನು ಮೊದಲು ಓದಬೇಕು. ಅಂದು ಬೆಳಿಗ್ಗೆ ನಾವು ಓದಿದ್ದು ದೋಷಸಂಖ್ಯೆಯನ್ನು ಮಾತ್ರ.

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಶೇರ್ಡ್ ಮೆಮೊರಿ ಮುಗಿಯಿತೆಂಬ ದೂರಿಗೆ ಅನೇಕ ವೇಳೆ ಕಾರಣ ಬೀಗಗಳ ಪಟ್ಟಿ. ಕೋಷ್ಟಕವನ್ನು ಓದುವಾಗ ಬೇರೆಯವರು ಅದನ್ನು ಅಳಿಸದಂತೆ ಒಂದು ಬೀಗದ ಗುರುತನ್ನು ಬರೆದಿಡಬೇಕು. ಒಂದು ವ್ಯವಹಾರಕ್ಕೆ ೬೪ರಂತೆ ೧೦೦ ಸಂಪರ್ಕಗಳಿಗೆ, ಎಂದರೆ ಸುಮಾರು ೬,೪೦೦ ಗುರುತುಗಳಿಗೆ, ವಾಡಿಕೆಯ ಏರ್ಪಾಡಿನಲ್ಲಿ ಜಾಗವಿರುತ್ತದೆ. ಹತ್ತಾರು ಸಾವಿರ ಕೋಷ್ಟಕಗಳಿರುವ ಭಂಡಾರವನ್ನು ಒಂದೇ ಸಲಕ್ಕೆ ನಕಲು ತೆಗೆಯಹೊರಟರೆ ಪಟ್ಟಿ ತುಂಬಿಹೋಗುತ್ತದೆ; ಯಂತ್ರಕ್ಕೆ ಎಷ್ಟು ಮೆಮೊರಿ ಸೇರಿಸಿದರೂ ಫಲವಿಲ್ಲ. ಆ ೬೪ ಎಂಬ ಅಂಕಿಯನ್ನು ಹೆಚ್ಚಿಸಿ ಡೇಟಾಬೇಸನ್ನು ಪುನಃ ಆರಂಭಿಸಬೇಕು.

ನಮ್ಮ ಸಂಸ್ಥೆಯ ಕಾರ್ಯಕ್ರಮವನ್ನು ಬರೆದಿದ್ದ ತರುಣರು ಮರುವಾರವೇ ಅದನ್ನು ತಿದ್ದಿಕೊಟ್ಟರು. ಬದಲಾದುದು ಒಂದೇ ಸಾಲು. ಮುಂದಿನ ವರ್ಷದ ಫಲಿತಾಂಶದ ದಿನ, ಪೂಲಿನ ಗಾತ್ರವನ್ನು ಹಳೆಯ ಅಳತೆಗೇ ಇಳಿಸಿ, ಹನ್ನೊಂದು ಗಂಟೆಗೆ ಮೊದಲೇ ಆ ಕೋಷ್ಟಕವನ್ನು ತೆರೆದು ಕುಳಿತೆವು. ಅಂಕಗಳನ್ನು ಕೇಳುವ ವಾಕ್ಯ ಒಂದೇ ಒಂದು ಇತ್ತು. ಅದರ ಎದುರಿನ ಅಂಕಣದಲ್ಲಿ, ನಡೆಸಿದ ಸಲದ ಲೆಕ್ಕ ನೂರಾಗಿ, ಸಾವಿರವಾಗಿ, ಮಧ್ಯಾಹ್ನದವರೆಗೂ ಏರುತ್ತಲೇ ಇತ್ತು.