ಬಾಯಿಪಾಠ ಬೇಡದ ಬೀಗದ ಕೈ: ಪಾಸ್‌ಕೀ



ಈ ಸಲದ ಗೋಡೆ ಪತ್ರಿಕೆಗೆ ಮಾವಿನ ಹೂವಿನ ಬಗ್ಗೆ ಬರೆಯುತ್ತೇನೆಂದು ವಿಜ್ಞಾನದ ಮೇಷ್ಟ್ರಿಗೆ ಮಾತು ಕೊಟ್ಟಿದ್ದೆ. ಆದರೆ ಶ್ರೀನಿವಾಸಪುರ ತಾಲ್ಲೂಕಿನವರಿಗೆ ಮಾವಿನ ಬಗ್ಗೆ ನಾನೇನು ಹೊಸದು ಹೇಳಲಿ? ಅದಕ್ಕೇ ಮೇಷ್ಟ್ರ ಒಪ್ಪಿಗೆ ತಗೊಂಡು ವಿಷಯ ಬದಲಾಯಿಸಿದ್ದೇನೆ. ನಮ್ಮ ಮನೆಯಲ್ಲೇ ನಡೆದ ಸಂಗತಿಯಿಂದ ಶುರು ಮಾಡ್ತೀನಿ.

ನಮ್ಮಕ್ಕ ಶ್ರೀನಿವಾಸಪುರಕ್ಕೆ ಕಾಲೇಜಿಗೆ ಹೋಗುತ್ತಾಳೆ. ಹೋದ ವರ್ಷ ಒಂದು ಸಂಜೆ ಅವಳ ಮೊಬೈಲಿಗೆ "ನಿಮ್ಮ ವಿದ್ಯಾರ್ಥಿವೇತನ ಮಂಜೂರಾಗಿದೆ, ಇಲ್ಲಿ ಒತ್ತಿ" ಅಂತ ಮೆಸೇಜ್ ಬಂತು. ಒತ್ತಿದಳು. ದಿನಾ ನೋಡುವ ಮೇಲ್ ಪುಟದ ಥರಾನೇ ಒಂದು ಪುಟ ತೆರೆಯಿತು. ಪಾಸ್‌ವರ್ಡ್ ಕೇಳಿತು, ಹಾಕಿದಳು. ಓಟಿಪಿ ಕೇಳಿತು, ಅದನ್ನೂ ಹಾಕಿದಳು. ಅಷ್ಟೇ! ಅರ್ಧ ಗಂಟೆಯೊಳಗೆ ಯಾರೋ ಪಾಸ್‌ವರ್ಡ್ ಬದಲಾಯಿಸಿ ಅವಳನ್ನೇ ಹೊರಗೆ ಹಾಕಿದ್ದರು. ಅಂಕಪಟ್ಟಿ, ಜಾತಿ ಆದಾಯದ ಸರ್ಟಿಫಿಕೇಟು, ಕಾಲೇಜಿನ ಪತ್ರಗಳು ಎಲ್ಲ ಅದರೊಳಗೇ ಇದ್ದವು. ಖಾತೆ ವಾಪಸ್ ಸಿಕ್ಕಿದ್ದು ಹನ್ನೊಂದು ದಿನ ಆದಮೇಲೆ. ಅಷ್ಟು ದಿನವೂ ಅಕ್ಕ ಸರಿಯಾಗಿ ಊಟ ಮಾಡಲಿಲ್ಲ. "ಕಾಲೇಜೂ ಬೇಡ ಮೊಬೈಲೂ ಬೇಡ, ಮನೇಲಿರು" ಎಂದು ಅಪ್ಪ ಒಂದು ಸಲ ಅಂದೇಬಿಟ್ಟರು. ಪುಣ್ಯಕ್ಕೆ ಅದು ಕೋಪದ ಮಾತಾಗಿಯೇ ಉಳಿಯಿತು.

ನಮ್ಮಕ್ಕ ದಡ್ಡಿಯಲ್ಲ. ಆಮೇಲೆ ನೋಡಿದರೆ ಆ ಪುಟದ ವಿಳಾಸದಲ್ಲಿ ಒಂದೇ ಒಂದು ಅಕ್ಷರ ಹೆಚ್ಚಿತ್ತು. ಅದನ್ನು ಯಾರ ಕಣ್ಣು ತಾನೇ ಹಿಡಿಯುತ್ತೆ? ತಪ್ಪು ಪಾಸ್‌ವರ್ಡ್ ಎಂಬ ಪದ್ಧತಿಯದೇ ಅಂತ ನನಗನಿಸುತ್ತೆ. ಅದು ಬಾಯಲ್ಲಿ ಹೇಳಬಹುದಾದ ಗುಟ್ಟು. ಕೇಳಿಸಿಕೊಂಡವನೇ ಯಜಮಾನ.

ಇದು ಇಂದಿನ ಕಥೆಯಲ್ಲ. ಕಂಪ್ಯೂಟರಿಗೆ ಪಾಸ್‌ವರ್ಡ್ ಇಡುವುದನ್ನು ಮೊದಲು ಬಳಕೆಗೆ ತಂದವರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿ ಪ್ರಮುಖರು. ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸಬೇಕಿತ್ತು, ಅದಕ್ಕೆ 1961ರ ಸುಮಾರಿಗೆ ಒಬ್ಬೊಬ್ಬರಿಗೂ ಒಂದೊಂದು ಗುಟ್ಟಿನ ಪದ. ಮರುವರ್ಷವೇ, 1962ರಲ್ಲಿ, ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ ತನಗೆ ಕೊಟ್ಟ ಸಮಯ ಸಾಲದೆಂದು ಎಲ್ಲರ ಪಾಸ್‌ವರ್ಡ್ ಪಟ್ಟಿಯನ್ನೇ ಪ್ರಿಂಟ್ ಹಾಕಿಸಿಕೊಂಡ! (ನಮ್ಮ ತರಗತಿಯ ಕೆಲವರಿಗೆ ಈತ ತುಂಬಾ ಇಷ್ಟವಾಗಬಹುದು.)

ಹಾಗಾದರೆ ಪಾಸ್‌ಕೀ ಅಂದರೇನು? ಹೇಳ್ತೀನಿ ಕೇಳಿ.

ಮೊದಲು ಒಂದು ಲೆಕ್ಕ. 8633 ಎಂಬ ಸಂಖ್ಯೆ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಆ ಎರಡು ಯಾವುವು? ಕೂತು ಭಾಗಿಸಿ ನೋಡಿ, ಬೆವರು ಬರುತ್ತೆ. ಉತ್ತರ ಈ ಹಾಳೆಯ ಕೊನೆಗಿದೆ. ಆ ಎರಡನ್ನು ಮೊದಲೇ ಹೇಳಿದ್ದರೆ ಗುಣಿಸೋದು ಅರ್ಧ ನಿಮಿಷದ ಕೆಲಸ. ಅಂದರೆ ಮುಂದಕ್ಕೆ ಸುಲಭ, ಹಿಂದಕ್ಕೆ ಕಷ್ಟ. ಸಂಖ್ಯೆ ನೂರಾರು ಅಂಕಿಗಳದ್ದಾದರೆ ಕಂಪ್ಯೂಟರಿಗೂ ಆಗದು. ಇಂಥ ಒಮ್ಮುಖದ ಲೆಕ್ಕದಿಂದ ಒಂದು ಗುಟ್ಟಿನ ಕೀಲಿ, ಒಂದು ಬಯಲು ಕೀಲಿ ಎಂದು ಜೋಡಿ ಮಾಡಬಹುದೆಂದು 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬಿಬ್ಬರು ಪ್ರಕಟಿಸಿದರು. ಪಾಸ್‌ಕೀಯಲ್ಲಿ ಸಾಮಾನ್ಯವಾಗಿ ಬಳಸುವ ಲೆಕ್ಕ ಗುಣಾಕಾರದ್ದಲ್ಲ, ವಕ್ರರೇಖೆಗಳದ್ದು, ಆದರೆ ಗುಣ ಇದೇ.

ನಾವು ಒಂದು ಖಾತೆಗೆ ಪಾಸ್‌ಕೀ ಮಾಡಿಕೊಂಡಾಗ ಫೋನು ಇಂಥ ಒಂದು ಜೋಡಿ ಹುಟ್ಟಿಸುತ್ತದೆ. ಬಯಲು ಕೀಲಿಯನ್ನು ಖಾತೆ ಕೊಟ್ಟವರಿಗೆ ಕಳಿಸುತ್ತದೆ, ಗುಟ್ಟಿನದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ನಾವು ಒಳಗೆ ಹೋಗಬೇಕೆಂದಾಗ ಅವರು ಪ್ರತಿಸಲ ಹೊಸದೊಂದು ಸಂಖ್ಯೆ ಕಳಿಸಿ, ಇದಕ್ಕೆ ಸಹಿ ಹಾಕು ಅನ್ನುತ್ತಾರೆ. ನಾವು ಬೆರಳಿಟ್ಟರೆ ಅಥವಾ ಪಿನ್ ಒತ್ತಿದರೆ ಫೋನು ಗುಟ್ಟಿನ ಕೀಲಿಯಿಂದ ಸಹಿ ಮಾಡಿ ವಾಪಸ್ ಕಳಿಸುತ್ತದೆ. ಸಹಿ ಸರಿಯೇ ಅಂತ ಅವರು ಬಯಲು ಕೀಲಿಯಿಂದ ಪರೀಕ್ಷಿಸುತ್ತಾರೆ. ಗುಟ್ಟಿನ ಕೀಲಿ ದಾರಿಯಲ್ಲಿ ಹೋಗುವುದೇ ಇಲ್ಲ. ನಡುವೆ ಯಾರಾದರೂ ಕದ್ದು ಕೇಳಿದರೂ ಸಿಗೋದು ಒಂದು ಸಲಕ್ಕೆ ಮಾತ್ರ ನಡೆಯುವ ಹಳಸಿದ ಸಹಿ. ಅವರ ಉಗ್ರಾಣವನ್ನೇ ದೋಚಿದರೂ ಕೆಲಸಕ್ಕೆ ಬಾರದ ಬಯಲು ಕೀಲಿಗಳು.

ಅಕ್ಕನ ಸಂಗತಿಗೆ ಬರೋಣ. ಪಾಸ್‌ಕೀ ಯಾವ ವಿಳಾಸಕ್ಕೆಂದು ಹುಟ್ಟಿತೋ ಆ ವಿಳಾಸಕ್ಕೆ ಮಾತ್ರ ಸಹಿ ಹಾಕುತ್ತದೆ. ಒಂದಕ್ಷರ ಹೆಚ್ಚು ಕಡಿಮೆ ಇದ್ದರೂ ಹೊರಗೇ ಬರೋದಿಲ್ಲ. ನಮ್ಮ ಕಣ್ಣು ಮೋಸ ಹೋಗುತ್ತೆ, ಅದು ಹೋಗಲ್ಲ. ಯಾರೋ ಫೋನ್ ಮಾಡಿ "ಹೇಳಮ್ಮಾ" ಅಂತ ನಯವಾಗಿ ಕೇಳಿದರೂ ಹೇಳೋಕೆ ನಮಗೇ ಗೊತ್ತಿರೋದಿಲ್ಲವಲ್ಲ! ನನಗೆ ಇದೇ ಎಲ್ಲಕ್ಕಿಂತ ಹಿಡಿಸಿದ್ದು.

2022ರ ಮೇ ತಿಂಗಳಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಸೇರಿ ಇದನ್ನು ಬೆಂಬಲಿಸುತ್ತೇವೆಂದು ಸಾರಿದವು. 2023ರ ಮೇ ತಿಂಗಳಿಂದ ಗೂಗಲ್ ಖಾತೆಗೆ ಸಿಗುತ್ತಿದೆ. ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸ ಫೋನು ಇರಬೇಕು, ಪರದೆಗೆ ಲಾಕ್ ಇರಬೇಕು. ಖಾತೆಯ ಸೆಟ್ಟಿಂಗಿನಲ್ಲಿ ಭದ್ರತೆ ಎಂಬ ಕಡೆ ಪಾಸ್‌ಕೀ ಅಂತ ಇದೆ, ಎರಡು ನಿಮಿಷದ ಕೆಲಸ.

ಇದನ್ನು ಹೇಳಿದಾಗ ಅಜ್ಜಿ ಕೇಳಿದರು, "ಹೆಬ್ಬೆಟ್ಟು ಅವರ ಹತ್ರ ಹೋಗುತ್ತೇನೋ, ರೇಷನ್ ಅಂಗಡಿ ಥರ?" ಒಳ್ಳೇ ಪ್ರಶ್ನೆ. ನ್ಯಾಯಬೆಲೆ ಅಂಗಡಿಯ ಯಂತ್ರ ನಮ್ಮ ಬೆರಳಚ್ಚನ್ನು ಆಧಾರ್‌ನಲ್ಲಿರುವುದಕ್ಕೆ ಹೋಲಿಸಲು ಹೊರಗೆ ಕಳಿಸುತ್ತದೆ. ಪಾಸ್‌ಕೀಯಲ್ಲಿ ಹಾಗಲ್ಲ. ಬೆರಳು ಫೋನಿಗೆ ಮಾತ್ರ, ಅದು ಫೋನು ಬಿಟ್ಟು ಹೋಗುವುದಿಲ್ಲ. ಟೊಮೆಟೊ ತೋಟದಲ್ಲಿ ದುಡಿದು ಬೆರಳು ಸವೆದವರಿಗೆ ಪಿನ್ ಅಥವಾ ಪ್ಯಾಟರ್ನ್ ಸಾಕು.

ಆದರೆ ನಮ್ಮ ಊರಿನ ಮಟ್ಟಿಗೆ ತೊಡಕೊಂದಿದೆ. ನಮ್ಮಲ್ಲಿ ಒಂದು ಮನೆಗೆ ಒಂದೇ ಫೋನು, ನಾಲ್ಕು ಜನ. ಲಾಕ್ ಬಿಚ್ಚಲು ಗೊತ್ತಿರುವ ಎಲ್ಲರೂ ಆ ಪಾಸ್‌ಕೀ ಬಳಸಬಹುದು. ಆದ್ದರಿಂದ ಪಕ್ಕದ ಮನೆ ಅಣ್ಣನ ಫೋನಿನಲ್ಲಿ, ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಪಾಸ್‌ಕೀ ಮಾಡಿಕೊಳ್ಳಲೇಬೇಡಿ. ಸೆಂಟರಿನಲ್ಲಿ ಅರ್ಜಿ ಹಾಕುವಾಗ ಪಾಸ್‌ವರ್ಡನ್ನು ಅವರ ನೋಟ್‌ಬುಕ್ಕಿನಲ್ಲಿ ಬರೆಸಿ ಬರುತ್ತೀವಲ್ಲ, ಅದಕ್ಕೊಂದು ಪರಿಹಾರ ಇದೆ. ಕಂಪ್ಯೂಟರ್ ಪರದೆಯ ಮೇಲೆ ಬರುವ ಕ್ಯೂಆರ್ ಚೌಕವನ್ನು ನಮ್ಮ ಫೋನಿನಿಂದ ಸ್ಕ್ಯಾನ್ ಮಾಡಿ ಬೆರಳಿಟ್ಟರೆ ಖಾತೆ ಅಲ್ಲಿ ತೆರೆಯುತ್ತದೆ, ಕೀಲಿ ನಮ್ಮ ಜೇಬಲ್ಲೇ ಇರುತ್ತದೆ. ಎರಡಕ್ಕೂ ಬ್ಲೂಟೂತ್ ಬೇಕು, ಯಾಕೆಂದರೆ ಫೋನು ಹತ್ತಿರದಲ್ಲೇ ಇದೆ ಅಂತ ಅದರಿಂದಲೇ ಖಾತ್ರಿ ಮಾಡಿಕೊಳ್ಳೋದು. ಎದ್ದು ಬರುವಾಗ ಸೈನ್ ಔಟ್ ಮಾಡೋದು ಮಾತ್ರ ನಮ್ಮ ಕೆಲಸ.

ಇನ್ನೊಂದು. ಪಾಸ್‌ಕೀ ಮಾಡಿಕೊಂಡರೂ ಗೂಗಲ್‌ನಲ್ಲಿ ಹಳೆಯ ಪಾಸ್‌ವರ್ಡ್ ತಾನಾಗಿ ಹೋಗುವುದಿಲ್ಲ. ಮುಂಬಾಗಿಲಿಗೆ ಹೊಸ ಬೀಗ, ಹಿತ್ತಿಲ ಬಾಗಿಲಿಗೆ ಹಳೇ ಚಿಲಕ! ಯಾವುದಾದರೂ ಪುಟ ಪಾಸ್‌ಕೀ ಬಿಟ್ಟು ಪಾಸ್‌ವರ್ಡೇ ಬೇಕೆಂದು ಹಟ ಹಿಡಿದರೆ ಅಲ್ಲಿಂದ ಎದ್ದುಬಿಡಿ.

ಫೋನು ಕಳೆದರೆ? ಆಂಡ್ರಾಯ್ಡಿನಲ್ಲಿ ಗೂಗಲ್ ಖಾತೆಯೊಳಗೆ ಪಾಸ್‌ಕೀಗಳ ನಕಲು ಬೀಗ ಹಾಕಿದ ಸ್ಥಿತಿಯಲ್ಲಿ ಉಳಿದಿರುತ್ತದೆ. ಹೊಸ ಫೋನಿನಲ್ಲಿ ಅದನ್ನು ಬಿಚ್ಚಲು ಹಳೇ ಫೋನಿನ ಲಾಕ್ ಕೇಳಬಹುದು, ಮರೆಯಬೇಡಿ. ಖಾತೆಗೆ ಕೊಟ್ಟ ನಂಬರು ರೀಚಾರ್ಜ್ ಇಲ್ಲದೆ ಸತ್ತ ಸಿಮ್ಮಿನದಾದರೆ ಇವತ್ತೇ ಬದಲಾಯಿಸಿ. ಮೋಸದಲ್ಲಿ ಹಣವೇ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಅಕ್ಕ ಈಗ ಪಾಸ್‌ಕೀ ಮಾಡಿಕೊಂಡಿದ್ದಾಳೆ. ಅಮ್ಮನಿಗೂ ಹೋದ ಭಾನುವಾರ ಮಾಡಿಕೊಟ್ಟೆವು. ಅಮ್ಮನ ಬೆರಳು ಕೂಡಲಿಲ್ಲ, ಪಿನ್ ಇಟ್ಟುಕೊಂಡರು. ನಮ್ಮ ಸೀಮೆಹಸು ಕರು ಹಾಕಿದ ತಾರೀಖು. ಅದು ಬೀದಿಗೆಲ್ಲ ಗೊತ್ತು. ಬದಲಾಯಿಸಮ್ಮಾ ಅಂತ ಇನ್ನೂ ಹೇಳ್ತಾನೇ ಇದ್ದೀನಿ.

(ಲೆಕ್ಕದ ಉತ್ತರ: 89 × 97)